ಮೆಂತ್ಯದ ವಾಸನೆ ಅಂತ ಸುಮ್ಮನಿದ್ದೆವು

ಬಾಣಂತನಕ್ಕೆ ತುಮಕೂರಿನ ಅಮ್ಮನ ಮನೆಯಲ್ಲಿದ್ದೆ. ಮಗ ಹುಟ್ಟಿ ನಾಲ್ಕು ದಿನ. ಉಚ್ಚೆ ಬಟ್ಟೆ ತೆಗೆದಾಗಲೆಲ್ಲ ಪಾಕ ತಳ ಹಿಡಿದ ಹಾಗೆ ಒಂದು ವಾಸನೆ. "ನೀನು ತಿನ್ನೋ ಮೆಂತ್ಯದ ಉಂಡೆದೇ ಕಣೇ," ಅಂದಳು ಅಮ್ಮ. ನನ್ನ ಬೆವರಿಗೂ ಅದೇ ವಾಸನೆ ಇತ್ತು, ನಂಬಿದೆ.

ಅಮ್ಮ ಹೇಳಿದ್ದು ಪೂರ್ತಿ ತಪ್ಪೂ ಅಲ್ಲ. ಮೆಂತ್ಯದ ಘಮ ಸೋಟೊಲೋನ್ ಅನ್ನುವ ವಸ್ತುವಿನದು. ಇವನ ಕಾಯಿಲೆಯ ವಾಸನೆಯೂ ಅದರದ್ದೇ. ತಾಯಿ ಮೆಂತ್ಯ ತಿಂದಿದ್ದಕ್ಕೆ, ಕಾಯಿಲೆಯೇ ಇಲ್ಲದ ಕೂಸನ್ನು ನೋಡಿ ಡಾಕ್ಟರುಗಳು ಗಾಬರಿಯಾದದ್ದೂ ಉಂಟು. ನಮ್ಮದು ಉಲ್ಟಾ.

ಐದನೇ ದಿನ ಹಾಲು ಬಿಟ್ಟ. ಎಬ್ಬಿಸಿದರೆ ಏಳಲಿಲ್ಲ. ಕಾಲು ಮಾತ್ರ ಸೈಕಲ್ ತುಳಿದ ಹಾಗೆ ಆಡುತ್ತಿತ್ತು. ಅಜ್ಜಿ ದೃಷ್ಟಿ ತೆಗೆದಳು. ಮೊದಲ ಆಸ್ಪತ್ರೆಯಲ್ಲಿ ಸೋಂಕು ಅಂದರು. ಬೆಂಗಳೂರಿಗೆ ಹೋದಾಗ ಒಬ್ಬ ಡಾಕ್ಟರಮ್ಮ ಬಗ್ಗಿ ಅವನ ಕಿವಿ ಮೂಸಿದರು. ಈ ವಾಸನೆ ಕಿವಿಯ ಗುಗ್ಗೆಯಲ್ಲಿ ಎಲ್ಲಕ್ಕಿಂತ ಮೊದಲು ಬರುತ್ತದಂತೆ. ಹಿಮ್ಮಡಿ ಚುಚ್ಚಿ ರಕ್ತವನ್ನು ಕಾಗದದ ಮೇಲೆ ಹನಿಸಿ ಕಳಿಸಿದರು.

ಮೇಪಲ್ ಸಿರಪ್ ಯೂರಿನ್ ಡಿಸೀಸ್. 1954ರಲ್ಲಿ ಅಮೆರಿಕದಲ್ಲಿ ಮೆಂಕೆಸ್ ಅನ್ನುವ ಡಾಕ್ಟರ್ ಮತ್ತು ಜೊತೆಯವರು ಒಂದೇ ಮನೆಯ ನಾಲ್ಕು ಕೂಸುಗಳಲ್ಲಿ ಇದನ್ನು ಕಂಡು ಬರೆದರು. ಉಚ್ಚೆಯ ವಾಸನೆಗೆ ಅಲ್ಲಿಯವರಿಗೆ ಮೇಪಲ್ ಮರದ ರಸ ಕಾಯಿಸಿ ಮಾಡುವ ಪಾಕ ನೆನಪಾಯಿತು. ಇಲ್ಲಿ ಕಂಡಿದ್ದರೆ ಮೆಂತ್ಯದ ಹೆಸರೇ ಇಡುತ್ತಿದ್ದರು, ಅಲ್ವಾ?

ಪ್ರೋಟೀನಿನಲ್ಲಿರುವ ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್ ಈ ಮೂರನ್ನು ಇವನ ಮೈ ಒಡೆಯಲಾರದು. ಲ್ಯೂಸಿನ್ ಏರಿದರೆ ಮೆದುಳು ಊದಿಕೊಳ್ಳುತ್ತದೆ. ಎದೆಹಾಲಿನಲ್ಲೂ ಅದು ಇರುತ್ತದೆ. ಹಾಲು ಕುಡಿಯಲಿ ಅಂತ ನಾನೇ ಅವನ ಕೆನ್ನೆ ತಟ್ಟಿ ಎಬ್ಬಿಸುತ್ತಿದ್ದೆ.

ನನ್ನ ಗಂಡ ನನ್ನ ಸೋದರಮಾವ. ಕೆಟ್ಟ ಜೀನ್ ಇಬ್ಬರಲ್ಲೂ ಒಂದೊಂದಿತ್ತು, ಎರಡೂ ಮಗುವಿಗೆ ಬಂದವು. ಪ್ರತಿ ಬಸಿರಿನಲ್ಲೂ ನಾಲ್ಕಕ್ಕೆ ಒಂದರಷ್ಟು ಸಾಧ್ಯತೆ. ಈ ಮದುವೆ ಕುದುರಿಸಿದ ಹಿರಿಯರೇ ಈಗ "ಯಾರ ಕಡೆಯಿಂದ ಬಂತೋ" ಅಂತಾರೆ. ಅಜ್ಜಿಯೇ ನನಗೆ ಅತ್ತೆ. ಎರಡು ಕಡೆ ಎಲ್ಲಿಂದ ತರಲಿ?

ಈಗ ಅವನಿಗೆ ನಾಲ್ಕು ವರ್ಷ. ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್ ಮೂರೂ ಇಲ್ಲದ ಪುಡಿಯೇ ಹಾಲು, ದುಬಾರಿ ಡಬ್ಬಿ. ಅನ್ನವನ್ನೂ ಗ್ರಾಂ ಲೆಕ್ಕದಲ್ಲಿ ತೂಗಿ ಹಾಕುತ್ತೇನೆ. ಬೇಳೆ, ಮೊಸರು ಹತ್ತಿರ ಸುಳಿಯುವ ಹಾಗಿಲ್ಲ. ಸಬ್ಬಕ್ಕಿಯಲ್ಲಿ ಪ್ರೋಟೀನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಅದೇ ನಮ್ಮ ಹಬ್ಬದೂಟ. ಜ್ವರ ಬಂದರೆ ಮಾತ್ರ ತಕ್ಕಡಿಯೂ ಕೆಲಸಕ್ಕೆ ಬರುವುದಿಲ್ಲ. ಆಗ ಮೈ ತನ್ನದೇ ಮಾಂಸಖಂಡ ಕರಗಿಸುತ್ತದೆ, ಲ್ಯೂಸಿನ್ ಒಳಗಿನಿಂದಲೇ ಏರುತ್ತದೆ.

ದಿನಾ ಬೆಳಿಗ್ಗೆ ಅವನ ಕಿವಿ ಮೂಸುತ್ತೇನೆ. ಕಚಗುಳಿ ಅಂತ ನಗುತ್ತಾನೆ. ಮನೆಗೆ ಮೆಂತ್ಯ ತರುವುದು ಬಿಟ್ಟಿದ್ದೇವೆ. ಅಮ್ಮ ಸಾರಿನ ಪುಡಿಯನ್ನೂ ಮೆಂತ್ಯ ಹಾಕದೆ ಮಾಡಿ ಕಳಿಸುತ್ತಾಳೆ.