ಫ್ರಿಜ್ಜಿನ ಬಾಗಿಲು

14 ಆಗಸ್ಟ್ 2025, ಗುರುವಾರ, ಸಂಜೆ 7.10
ಸ್ಕೋಫೀಲ್ಡ್ಸ್, ಸಿಡ್ನಿ

ನಾಡಿದ್ದು ಅಷ್ಟಮಿ. ಚಕ್ಕುಲಿಗೆ ಹಿಟ್ಟು ಮಾಡಿಟ್ಟಾಗಿದೆ, ಒರಳು ಮಾತ್ರ ಇನ್ನೂ ಕಬೋರ್ಡಿನ ಮೇಲೇ ಇದೆ. ಸ್ಟೂಲ್ ಹಾಕಿ ಇಳಿಸೋಕೆ ಮೈ ಬಗ್ಗುತ್ತಿಲ್ಲ. ಇವರು ಮಗಳನ್ನು ಈಜಿಗೆ ಕರ್ಕೊಂಡು ಹೋಗಿದ್ದಾರೆ. ಮನೆ ಖಾಲಿ.

ಕೂಸುಗಳ ತಪಾಸಣೆ ಮಾಡೋ ನಮ್ಮ ನರ್ಸುಗಳ ಆಫೀಸಿನಲ್ಲಿ, ಮೂರು ವಾರದಿಂದ ನನ್ನ ಟೇಬಲ್ಲಿನ ಮೇಲೆ ಒಂದು ಫೈಲು ಕೂತಿತ್ತು. ಐದು ತಿಂಗಳ ಕೂಸು. ನಾಲ್ಕು ತಿಂಗಳ ತಪಾಸಣೆಗೆ ಮೂರು ಸಲ ಟೈಮ್ ಕೊಟ್ಟರೂ ಬಂದಿಲ್ಲ. ಮೂರು ಸಲ ಬರದಿದ್ದರೆ ಫೈಲು ಮುಚ್ಚೋ ಪತ್ರ ಹೋಗಬೇಕು, ನಮ್ಮಲ್ಲಿ ಹಾಗೆ. ಫೆಬ್ರವರಿಯಲ್ಲಿ ಸೇರಿದ ಹೊಸ ನರ್ಸು, ಚುರುಕು ಹುಡುಗಿ, ಕೊನೇ ಸಾಲಿನಲ್ಲಿ 'ಕುಟುಂಬ ಸಹಕರಿಸುತ್ತಿಲ್ಲ' ಅಂತ ಬರೆದಿದ್ದಾಳೆ. ನಾನು ಅದನ್ನು ಓದಿದ್ದೆ. ಓದಿ ಪುಟ ತಿರುಗಿಸಿದ್ದೆ. ಇದನ್ನು ಮೊದಲೇ ಹೇಳಿಬಿಡ್ತೀನಿ, ತಪ್ಪೆಲ್ಲ ಅವಳ ತಲೆಗೆ ಕಟ್ಟಿದ ಹಾಗಾಗಬಾರದು.

ಆಂಟಿ ಸೋಮವಾರ ಆ ಸಾಲಿನ ಮೇಲೆ ಬೆರಳಿಟ್ಟರು. "ಇವರು ಬ್ರೆವರಿನಾಗೆ ಹೋಗಿದ್ದರು. ಸಾರಿ ಬಿಸಿನೆಸ್." ಅಷ್ಟೇ ಹೇಳಿ ಟೀ ಮಾಡೋಕೆ ಹೋದರು.

(ನಮ್ಮ ಕಡೆ ಯಾರನ್ನಾದರೂ ಆಂಟಿ ಅಂದರೆ ಮುಖ ಊದಿಸಿಕೊಳ್ತಾರೆ. ಇಲ್ಲಿನ ಮೂಲನಿವಾಸಿಗಳಾದ ಅಬೊರಿಜಿನಲ್ ಜನರಲ್ಲಿ ಅದು ಸಂಪಾದಿಸಿದ ಪದವಿ. ಕಾಗದದ ಮೇಲೆ ನಾನು ಟೀಮ್ ಲೀಡರ್, ಅವರು ಹೆಲ್ತ್ ವರ್ಕರ್, ನನ್ನ ಕೈಕೆಳಗೆ. ಯಾರು ಯಾರ ಕೈಕೆಳಗೆ ಅನ್ನೋದು ಟೀಮಿಗೆಲ್ಲ ಗೊತ್ತು.)

ಸಾರಿ ಬಿಸಿನೆಸ್ ಅಂದರೆ ಸಾವು, ಮಣ್ಣು, ಆಮೇಲೆ ನೆಂಟರೆಲ್ಲ ಸೇರಿ ಕೂರೋದು. ಹದಿಮೂರನೇ ದಿನಕ್ಕೆ ವೈಕುಂಠ ಸಮಾರಾಧನೆ ಮಾಡಿ ಮುಗಿಸಿದ ಹಾಗಲ್ಲ. ಬ್ರೆವರಿನಾ ಅಂದರೆ ಸಿಡ್ನಿಯಿಂದ ಸುಮಾರು 800 ಕಿಲೋಮೀಟರ್, ಒಂದೇ ಕಾರಿನಲ್ಲಿ ಕೂಸನ್ನೂ ಕೂರಿಸಿಕೊಂಡು ಹೋಗಿದ್ದಾರೆ. ಸೂತಕದ ಮನೆಯಿಂದ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ಮುಂದೆ ಹಾಕಿಸೋರು ಯಾರಿದ್ದಾರೆ? ಅಜ್ಜ ಹೋದಾಗ ಹಾಸನದ ಮನೆಯಲ್ಲಿ ನಾವು ಹಾಲಿನವನಿಗೂ ಹೇಳಿರಲಿಲ್ಲ.

ಹಾಗಾಗಿ ಇವತ್ತು ನಾನೇ ಆಂಟಿ ಜೊತೆ ಹೋದೆ, ಮೌಂಟ್ ಡ್ರೂಯಿಟ್ ಕಡೆ. ಕಾರು ಮನೆ ಮುಂದೆ ನಿಲ್ಲಿಸಬೇಡ ಅಂದರು, ಎರಡು ಮನೆ ಆಚೆ ನಿಲ್ಲಿಸಿದೆ. ಕತ್ತಿನ ಐಡಿ ಕಾರ್ಡು ತೆಗೆಸಿ ಬ್ಯಾಗಿಗೆ ಹಾಕಿಸಿದರು. ಬಾಗಿಲಲ್ಲಿ ಮೊದಲು ಅವರು, ಹಿಂದೆ ನಾನು. ಹತ್ತು ನಿಮಿಷ ಬ್ರೆವರಿನಾದ ಮಾತೇ ಆಯ್ತು. ಯಾರ ಮಗಳು, ಯಾರ ತಮ್ಮ, ಹೊಳೆಯಲ್ಲಿ ನೀರೆಷ್ಟಿದೆ. ಸತ್ತವರ ಹೆಸರು ಮಾತ್ರ ಯಾರೂ ಎತ್ತಲಿಲ್ಲ. ನಾನು ಸುಮ್ಮನೆ ಕೂತಿದ್ದೆ. ಸುಮ್ಮನೆ ಕೂರೋದು ಈ ಕೆಲಸದಲ್ಲಿ ನಾನು ಕಲಿತ ಅತಿ ಕಷ್ಟದ ವಿದ್ಯೆ, ಮನೆಯಲ್ಲಿ ಹೇಳಿದರೆ ಯಾರೂ ನಂಬಲ್ಲ.

ಕೂಸು ಗುಂಡುಗುಂಡಗಿದೆ. ತೂಗಿದೆ, ತಲೆ ಸುತ್ತಳತೆ ತೆಗೆದೆ, ಬ್ಲೂ ಬುಕ್ಕಿನಲ್ಲಿ, ಅಂದರೆ ಕೂಸಿನ ಆರೋಗ್ಯದ ದಾಖಲೆ ಪುಸ್ತಕದಲ್ಲಿ, ಚುಕ್ಕೆ ಇಟ್ಟೆ. ಗೆರೆ ಚೆನ್ನಾಗೇ ಏರಿದೆ. ಎಡಗಿವಿಯ ತಮಟೆ ಮಾತ್ರ ಮಂಕು. ಈ ಕುಟುಂಬಗಳ ಮಕ್ಕಳಿಗೆ ಕಿವಿಯೊಳಗೆ ನೀರು ತುಂಬೋದು ಹುಟ್ಟಿ ಕೆಲವೇ ತಿಂಗಳಿಗೆ ಶುರುವಾಗಬಹುದು, ಎಷ್ಟೋ ಸಲ ನೋವೇ ಇರಲ್ಲ, ಮಾತು ತಡವಾದಾಗಲೇ ಗೊತ್ತಾಗೋದು. ಪತ್ರ ಕಳಿಸಿ ಫೈಲು ಮುಚ್ಚಿದ್ದರೆ ಈ ಕಿವಿ ನೋಡೋರು ಯಾರು?

ಬರೀಬೇಕು ಅಂತ ಕೂತದ್ದು ಅದಲ್ಲ. ಗಂಟಲು ಒಣಗಿತ್ತು, "ಒಂದು ಲೋಟ ನೀರು ಸಿಗುತ್ತಾ" ಅಂದೆ. ಕೂಸಿನ ಅಜ್ಜಿ, ಎಲ್ಲರೂ ನ್ಯಾನ್ ಅಂತಾರೆ, ಎದ್ದು ಹೋಗಿ ಫ್ರಿಜ್ ಬಾಗಿಲು ಪೂರ್ತಿ ತೆಗೆದರು. ತೆಗೆದು ಪಕ್ಕಕ್ಕೆ ಸರಿದು ನಿಂತರು. ಎರಡು ದೊಡ್ಡ ಕ್ಯಾನ್ ಹಾಲು, ಹೆಚ್ಚಿ ಡಬ್ಬಿಗೆ ತುಂಬಿದ ಕುಂಬಳಕಾಯಿ, ಮೊಟ್ಟೆ, ಮೊಸರು, ಮೂರು ಥರ ಹಣ್ಣು. ಲೇಬಲ್ಲುಗಳೆಲ್ಲ ನನ್ನ ಕಡೆಗೆ. ನನ್ನ ಕಣ್ಣು ಮೇಲಿನ ತಟ್ಟೆಯಿಂದ ಕೆಳಗಿನ ತಟ್ಟೆಗೆ ಇಳಿಯೋವರೆಗೆ ಕಾದರು. ಫ್ರಿಜ್ಜು ಟೀಂ ಟೀಂ ಅಂತ ಬಡಿದುಕೊಳ್ಳೋಕೆ ಶುರು ಮಾಡಿತು. ಆಮೇಲೆ ಬಾಗಿಲು ಹಾಕಿ, ನಲ್ಲಿಯಿಂದ ನೀರು ಹಿಡಿದು ಕೊಟ್ಟರು.

ಕುಡಿದೆ. ಇನ್ನೇನು ಮಾಡಲಿ.

ಕಾರಿನಲ್ಲಿ ಆಂಟಿ ಹೇಳಿದರು, ನ್ಯಾನ್ ಅವರ ತಾಯಿ ಕೂಟಮಂಡ್ರದ ಹೆಣ್ಣುಮಕ್ಕಳ ಹೋಮಿನಲ್ಲಿ ಬೆಳೆದವರಂತೆ. ಅಪ್ಪ ಅಮ್ಮ ಇದ್ದೂ. ಸರ್ಕಾರದವರು ಎತ್ತಿಕೊಂಡು ಹೋದ ಅಬೊರಿಜಿನಲ್ ಮಕ್ಕಳನ್ನು ಅಲ್ಲಿಡುತ್ತಿದ್ದರು. ನಾನು ಏನೋ ಸಮಾಧಾನದ ಮಾತು ಹುಡುಕೋಕೆ ಹೋಗಿ ನನ್ನ ಬಾಣಂತನದ ಕಥೆ ತೆಗೆದೆ. ಅಮ್ಮ ಊರಿಂದ ಬಂದಿದ್ದರು. ಎಣ್ಣೆ ನೀರು, ಬಜೆ, ಸಾಂಬ್ರಾಣಿ ಹೊಗೆಗೆ ಸ್ಮೋಕ್ ಅಲಾರಂ ಕೂಗೋದು. ನರ್ಸು ಮನೆಗೆ ಬರ್ತಾಳೆ ಅಂದ ದಿನ ಅಮ್ಮ ಅಗ್ಗಿಷ್ಟಿಕೆಯನ್ನು ವಾಷಿಂಗ್ ಮೆಷಿನ್ ಹಿಂದೆ ಬಚ್ಚಿಟ್ಟಿದ್ದರು. ಕಿಟಕಿ ಎಲ್ಲ ತೆಗೆದು, ಟವೆಲ್ಲು ಬೀಸಿ ಹೊಗೆ ಓಡಿಸಿದ್ದರು. "ಹಾಗಾಗಿ ನನಗೂ ಗೊತ್ತು ಆಂಟಿ, ಆ ಭಯ" ಅಂದೆ.

ಮೊದಲು ನಕ್ಕರು. ಹೊಗೆ ಅಂದರೆ ಅವರಿಗೆ ಹೊಸದಲ್ಲ, ಗಮ್ ಮರದ (ನೀಲಗಿರಿ ಜಾತಿಯದು) ಎಲೆ ಹೊಗೆ ಹಾಕೋದು ಅವರಲ್ಲೂ ಇದೆ. ಸಿಗ್ನಲ್ಲಿನಲ್ಲಿ ನಿಂತಾಗ ಕೇಳಿದರು, "ಸಿಸ್, ಆ ಹೊಗೆ ನರ್ಸ್ ಕಣ್ಣಿಗೆ ಬಿದ್ದಿದ್ದರೆ ಏನಾಗ್ತಿತ್ತು?"

"ಬೈಯ್ತಿದ್ದಳು. ಒಂದು ಪಾಂಪ್ಲೆಟ್ ಕೊಡ್ತಿದ್ದಳು."

"ಹೂಂ. ಪಾಂಪ್ಲೆಟ್ಟು."

ಹಸಿರು ಬಿತ್ತು. ಆಫೀಸು ಬರೋವರೆಗೆ ಇಬ್ಬರೂ ಮಾತಾಡಲಿಲ್ಲ.

ನಾಚಿಕೆಯಾಯ್ತು, ಈಗಲೂ ಆಗ್ತಿದೆ. ಆ ಭಯ ಪೊಳ್ಳಲ್ಲ ಅನ್ನೋದೇ ತೊಂದರೆ. ಮಗುವಿಗೆ ದೊಡ್ಡ ಅಪಾಯವಿದೆ ಅಂತ ಅನುಮಾನ ಬಂದರೆ ಸರ್ಕಾರಕ್ಕೆ ವರದಿ ಮಾಡಲೇಬೇಕು, ಅದು ಈ ರಾಜ್ಯದಲ್ಲಿ ನರ್ಸಿನ ಕಾನೂನುಬದ್ಧ ಹೊಣೆ. 'ನಾನು ಆ ಥರದವಳಲ್ಲ' ಅನ್ನೋಕೆ ನನಗೆ ಬಾಯಿಲ್ಲ. ನನ್ನ ಮೈಬಣ್ಣ ಅವರಿಗೆ ಹತ್ತಿರ ಅಂತ ಮೊದಮೊದಲು ಅಂದುಕೊಂಡಿದ್ದೆ, ಎಂಥ ಜಂಬ. ಪೆನ್ನು ಯಾರ ಕೈಯಲ್ಲಿದೆ ಅನ್ನೋದನ್ನೇ ಅವರು ನೋಡೋದು.

ಟೀ ರೂಮಿನಲ್ಲಿ ಅಬೊರಿಜಿನಲ್ ನಾಯಕಿ ಲೊವಿಟ್ಜಾ ಓಡೊನಹ್ಯೂ ಫೋಟೊ ಇದೆ. ಎರಡು ವರ್ಷದವಳಿದ್ದಾಗ ತಾಯಿಯಿಂದ ಬೇರೆ ಮಾಡಿದರು, ಮತ್ತೆ ತಾಯಿ ಮುಖ ಕಂಡದ್ದು 30 ವರ್ಷ ದಾಟಿದ ಮೇಲೆ. ಅಬೊರಿಜಿನಲ್ ಅಂತ ನರ್ಸಿಂಗಿಗೆ ಸೇರಿಸಿಕೊಳ್ಳದಿದ್ದಾಗ ಜಗಳ ಆಡಿ ಸೇರಿದಾಕೆ. 1962ರಲ್ಲಿ ಅಸ್ಸಾಮಿಗೆ ಬಂದು ನರ್ಸಾಗಿ ದುಡಿದಿದ್ದರು, ಚೀನಾ ಯುದ್ಧದ ಗಲಾಟೆಯಲ್ಲಿ ಕಲ್ಕತ್ತೆಗೆ ಹೋಗಬೇಕಾಯ್ತು. ನಾನು ಟೀ ಹಿಡಿದು ನಿಂತಿದ್ದಾಗ ಆಂಟಿ ಹಿಂದಿನಿಂದ ಬಂದು, "ನಮ್ಮವಳು ನಿಮ್ಮೂರಿಗೆ, ನೀನು ನಮ್ಮೂರಿಗೆ. ಬಾಕಿ ಚುಕ್ತಾ" ಅಂದು ಚಕ್ಕುಲಿ ಯಾವಾಗ ತರ್ತೀಯ ಅಂತ ಕೇಳಿದರು. ಕ್ಷಮಿಸಿದ್ದಾರೋ, ಅಲ್ಲ ಅಷ್ಟೊಂದು ದೊಡ್ಡ ವಿಷಯ ಅಂತ ಅವರು ತಿಳಿದೇ ಇಲ್ಲವೋ.

ಮನೆಗೆ ಬರುವಾಗ ರಿಚ್‌ಮಂಡ್ ರೋಡ್. ವಾಟಲ್ ಹೂವು ಹಳದಿ ಸುರಿದಿದೆ. ಓಕ್‌ಹರ್ಸ್ಟ್ ಮೂಲೆಯ ಬಯಲಿನ ಹತ್ತಿರ ಇವತ್ತು ಕಾಲು ತಾನಾಗೇ ನಿಧಾನಿಸಿತು. ಗವರ್ನರ್ ಮ್ಯಾಕ್ವಾರಿ ಪ್ಯಾರಮಟ್ಟದಲ್ಲಿ ತೆಗೆದ ಅಬೊರಿಜಿನಲ್ ಮಕ್ಕಳ ಶಾಲೆಯನ್ನು 1823ರಲ್ಲಿ ಇಲ್ಲಿಗೆ ತಂದರು, ಬ್ಲ್ಯಾಕ್‌ಟೌನ್ ಅನ್ನೋ ಹೆಸರು ಬಂದದ್ದೇ ಅದರಿಂದ. 2018ರಲ್ಲಿ ಜಾಗ ಈ ನೆಲದ ಮೂಲದವರಾದ ಧರುಗ್ ಜನರಿಗೆ ವಾಪಸಾಯ್ತು. ವಾರಾವಾರ ಬ್ಲ್ಯಾಕ್‌ಟೌನಿಗೆ ಹೋಗಿ ಕರಿಬೇವು ತರುವ ನಾನು ಆ ಹೆಸರು ಯಾಕೆ ಅಂತ 11 ವರ್ಷ ಕೇಳಿರಲಿಲ್ಲ.

ನಾಳೆ ಆ ಹುಡುಗಿ ಜೊತೆ ಕೂರಬೇಕು. 'ಸಹಕರಿಸುತ್ತಿಲ್ಲ' ಅನ್ನೋದನ್ನು ಹೊಡೆದು ಹಾಕು ಅನ್ನೋದು ಸುಲಭ. ಆ ಜಾಗದಲ್ಲಿ ಏನು ಬರೀಬೇಕು ಅಂತ ಕೇಳಿದರೆ? ಎಲ್ಲಕ್ಕಿಂತ ಮೊದಲು ಆ ಪತ್ರದ ನಮೂನೆ. ಹೋದ ವರ್ಷ ಅದಕ್ಕೆ ಒಪ್ಪಿಗೆ ಕೊಟ್ಟವಳು ನಾನೇ. ಸಹಿ ಕೂಡ ಹಾಕಬೇಕಾಗಿಲ್ಲ, ಕೆಳಗೆ ನನ್ನ ಹೆಸರು ತಾನಾಗೇ ಅಚ್ಚಾಗಿ ಬರುತ್ತೆ, ಹಾಗಾದರೆ ಇಲ್ಲಿವರೆಗೆ ಎಷ್ಟು ಮನೆಗೆ

ಕಾರು ಬಂತು. ಒರಳು ಇಳಿಸಿಕೊಡಿ ಅಂತ ಹೇಳಬೇಕು.