ಘಾಟಿ ಇಳಿಯುವ ಚಾಲಕರಹಿತ ಕಾರನ್ನು ಯಾರಾದರೂ ಉರುಳಿಸಬಹುದೇ?

ಕಾರುಗಳ ನಿಸ್ತಂತು ಭದ್ರತೆಯನ್ನು ಪರೀಕ್ಷಿಸುವುದು ನನ್ನ ಕೆಲಸ ಎಂದು ತಿಳಿದೊಡನೆ ತೀರ್ಥಹಳ್ಳಿಯ ನೆಂಟರೆಲ್ಲ ಕೇಳುವುದು ಒಂದೇ ಪ್ರಶ್ನೆ: ಚಾಲಕನಿಲ್ಲದ ಕಾರು ಆಗುಂಬೆ ಘಾಟಿ ಇಳಿಯುವಾಗ ಎಲ್ಲೋ ಕೂತವನೊಬ್ಬ ಅದನ್ನು ಕಂದಕಕ್ಕೆ ಬೀಳಿಸಬಹುದೇ? ಬೆನ್ನಿಗೇ ಸಮಾಧಾನವನ್ನೂ ಅವರೇ ಹೇಳಿಕೊಳ್ಳುತ್ತಾರೆ: ‘ಅಲ್ಲಿ ನೆಟ್‌ವರ್ಕೇ ಸಿಗುವುದಿಲ್ಲ, ಬಿಡು ಮಾರಾಯ.’

ಆ ಸಮಾಧಾನ ಅರ್ಧ ನಿಜ. 2015ರಲ್ಲಿ ಅಮೆರಿಕದ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಲಸೆಕ್ ಹೆದ್ದಾರಿಯಲ್ಲಿ ಓಡುತ್ತಿದ್ದ ಜೀಪ್ ಚೆರೋಕಿಯ ಹತೋಟಿಯನ್ನು ದೂರದಿಂದಲೇ ತೆಗೆದುಕೊಂಡದ್ದು ಮೊಬೈಲ್ ಜಾಲದ ಮೂಲಕ. ಬಳಿಕ ಕಂಪನಿ ಸುಮಾರು 14 ಲಕ್ಷ ವಾಹನಗಳ ತಂತ್ರಾಂಶ ಸರಿಪಡಿಸಬೇಕಾಯಿತು. ಅಂಥ ದಾಳಿಗೆ ಟವರ್ ಬೇಕೇ ಬೇಕು.

ಜಿಪಿಎಸ್‌ಗೆ ಬೇಡ. ಸುಮಾರು 20,200 ಕಿ.ಮೀ. ಎತ್ತರದ ಉಪಗ್ರಹಗಳಿಂದ ಬರುವ ಆ ಸಂಕೇತ ನೆಲ ಮುಟ್ಟುವ ಹೊತ್ತಿಗೆ ತೀರಾ ಕ್ಷೀಣವಾಗಿರುತ್ತದೆ. ಹತ್ತಿರದ ಪುಟ್ಟ ಪ್ರಸಾರಕವೂ ಅದನ್ನು ಅಡಗಿಸಬಲ್ಲದು. ಅಡಗಿಸಿದರೆ ಕಾರಿಗೆ ಗೊತ್ತಾದರೂ ಆಗುತ್ತದೆ. ಕಷ್ಟವಿರುವುದು ನಕಲಿ ಸಂಕೇತದಲ್ಲಿ. ಗೋಡೆ ತುಂಬ ಮೊನಚು ಸ್ಪಂಜು ಅಂಟಿಸಿದ, ರೇಡಿಯೊ ಅಲೆ ಹೊರಬೀಳದ ಕೋಣೆಯಲ್ಲಿ ಕಾರನ್ನು ರೋಲರುಗಳ ಮೇಲೆ ಓಡಿಸುತ್ತೇವೆ. ಒಂದು ಯಂತ್ರ ಅಸಲಿ ಉಪಗ್ರಹಗಳ ಪಾತ್ರ ಮಾಡುತ್ತದೆ, ಇನ್ನೊಂದು ಕಳ್ಳನದು. ಕಳ್ಳ ಮೊದಲು ಅಸಲಿಯನ್ನೇ ತದ್ವತ್ತಾಗಿ ಹೇಳುತ್ತಾನೆ, ಆಮೇಲೆ ದನಿಯನ್ನು ಕೊಂಚ ಏರಿಸುತ್ತಾನೆ, ಕಾರು ಅವನ ಕಡೆ ವಾಲಿದ ಮೇಲೆ ತಾನು ತೋರಿಸುವ ಜಾಗವನ್ನು ಸರಿಸತೊಡಗುತ್ತಾನೆ. ಒಂದೇ ಏಟಿಗೆ ನೂರು ಮೀಟರ್ ಸರಿಸಿದರೆ ಚಕ್ರದ ವೇಗದ ಲೆಕ್ಕ ಒಪ್ಪುವುದಿಲ್ಲ, ಮೋಸ ಸಿಕ್ಕಿಬೀಳುತ್ತದೆ. ಗೇಣುಗೇಣಾಗಿ ಸರಿಸಿದರೆ ಸಂವೇದಕಗಳ ಸಹಜ ತಪ್ಪಿನೊಳಗೇ ಅದು ಅವಿತುಕೊಳ್ಳುತ್ತದೆ. ಆಗ ತಕರಾರು ಎತ್ತಬೇಕಾದದ್ದು ರಸ್ತೆಯ ಬಿಳಿಗೆರೆ ನೋಡುವ ಕ್ಯಾಮೆರಾ.

ಇದನ್ನು ಘಾಟಿಯಲ್ಲೇ ಪರೀಕ್ಷಿಸಬಾರದೇ ಎನ್ನುವವರಿದ್ದಾರೆ. ಪರವಾನಗಿಯಿಲ್ಲದೆ ಬಯಲಲ್ಲಿ ಹಾಗೆ ಪ್ರಸಾರ ಮಾಡುವುದು ಅಪರಾಧ. ಪಕ್ಕದ ವಾಹನಗಳೂ, ಮೇಲೆ ಹಾರುವ ವಿಮಾನಗಳೂ ನಮ್ಮ ಸುಳ್ಳನ್ನು ಕೇಳಿಸಿಕೊಳ್ಳುತ್ತವೆ. 2023ರಿಂದ ಶಿವಮೊಗ್ಗ ಬಳಿಯ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಬೇರೆ ಇದೆ.

ನನ್ನ ತಲೆ ತಿನ್ನುವುದು ಮಾತ್ರ ಮಂಜು. ಕಾರುಗಳು 5.9 ಗಿಗಾಹರ್ಟ್ಸ್ ಆಸುಪಾಸಿನ ತರಂಗಗಳಲ್ಲಿ ಟವರಿನ ಹಂಗಿಲ್ಲದೆ ಪರಸ್ಪರ ಮಾತನಾಡುವ ವ್ಯವಸ್ಥೆಯಿದೆ. ಎಲ್ಲಿದ್ದೇನೆ, ಎಷ್ಟು ವೇಗದಲ್ಲಿದ್ದೇನೆ ಎಂದು ಪ್ರತಿ ಕಾರೂ ಸೆಕೆಂಡಿಗೆ ಸುಮಾರು 10 ಸಲ ಸಾರುತ್ತದೆ. ಸಂದೇಶಕ್ಕೆ ಡಿಜಿಟಲ್ ಸಹಿಯೂ ಇರುತ್ತದೆ. ಆದರೆ ಕಳಿಸಿದವನ ಬಳಿ ಪ್ರಮಾಣಪತ್ರವಿದೆ ಎಂಬುದಕ್ಕಷ್ಟೇ ಸಹಿ ಸಾಕ್ಷಿ, ಅವನು ಹೇಳಿದ್ದು ನಿಜ ಎಂಬುದಕ್ಕಲ್ಲ. ಗುಜರಿ ಕಾರಿನಿಂದ ಆ ಸಹಿ ಹಾಕುವ ಗುಪ್ತಕೀಲಿ ಕದ್ದವನು ‘ತಿರುವಿನಾಚೆ ಕೆಟ್ಟು ನಿಂತಿದ್ದೇನೆ’ ಎಂದು ಸಹಿ ಸಮೇತ ಸಾರಿದರೆ? ನೇರ ಹೆದ್ದಾರಿಯಲ್ಲಾದರೆ ಕ್ಯಾಮೆರಾ ನೋಡಿ ಸುಳ್ಳೆನ್ನುತ್ತದೆ. ಆಗುಂಬೆಯಲ್ಲಿ ಮಂಜು ಕವಿದರೆ ಕ್ಯಾಮೆರಾ ಕುರುಡು. ರೇಡಾರ್ ಮಂಜನ್ನು ದಾಟೀತು, ಗುಡ್ಡದ ಮೈಯನ್ನು ದಾಟದು. ಇಂಥ ಸಂದೇಶ ಅತ್ಯಂತ ಬೇಕಾಗುವ ಜಾಗದಲ್ಲೇ ಅದನ್ನು ತಾಳೆ ನೋಡುವ ದಾರಿಯಿಲ್ಲ.

ನಂಬಿ ಗಕ್ಕನೆ ಬ್ರೇಕ್ ಹಾಕಿದರೆ ಹಿಂದಿನವನು ಬಂದು ಗುದ್ದುತ್ತಾನೆ. ನಂಬದೆ ನುಗ್ಗಿದರೆ ನಿಜವಾಗಿಯೂ ಕೆಟ್ಟು ನಿಂತ ಮಿನಿ ಬಸ್ಸಿಗೆ ನಾವೇ ಗುದ್ದುತ್ತೇವೆ. ಹಾಗಾಗಿ ನಾನು ಪಾಸು ಮಾಡುವುದು, ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಬಲ್ಲ ವೇಗಕ್ಕೆ ಮೆಲ್ಲನೆ ಇಳಿದು, ಹಾರ್ನ್ ಹಾಕುತ್ತ ಸಾಗುವ ಕಾರನ್ನು. ಈ ಘಾಟಿಯ ಅನುಭವಿ ಚಾಲಕರು ಮಾಡುವುದೂ ಅದನ್ನೇ.

ಅಂತೂ ನೆಂಟರಿಗೆ ನಾನು ಹೇಳುವುದಿಷ್ಟು: ಕಂದಕಕ್ಕೆ ಬೀಳಿಸುವುದು ಸುಲಭವಲ್ಲ, ನಡುದಾರಿಯಲ್ಲಿ ನಿಲ್ಲಿಸುವುದು ಸುಲಭ. ಸಂಕೇತಗಳ ಮೇಲೆ ನಂಬಿಕೆ ಹೋದಾಗ ಸುರಕ್ಷಿತವಾಗಿ ನಿಲ್ಲಬೇಕೆಂದು ಕಾರಿಗೆ ಕಲಿಸಿರುತ್ತಾರೆ. ಅಂಚಿನಲ್ಲಿ ಜಾಗವೇ ಇಲ್ಲದ ಕಡಿದಾದ ತಿರುವಿನಲ್ಲಿ ‘ಸುರಕ್ಷಿತ’ ಎಂದರೆ ಎಲ್ಲಿ ಎಂಬುದನ್ನು ಕಲಿಸಿದ್ದಾರೆಯೇ ಎಂದು ನಾನು ಮೊದಲು ನೋಡುತ್ತೇನೆ.