ಅಪ್ಪನನ್ನು ನಡೆಸುವಾಗ ಮಾತಾಡಿಸುವುದು ಯಾಕೆ?

"ಪಾಪ, ಅವರಿಗೆ ನಡೆಯುದೇ ಕಷ್ಟ ಮಾರಾಯ್ರೆ. ಅದರ ಮೇಲೆ ಪ್ರಶ್ನೆ ಕೇಳುದು ಬೇರೆ ಯಾಕೆ?"

ಉಡುಪಿಯ ಅಜ್ಜರಕಾಡಿನ ಪಾರ್ಕಿನಲ್ಲಿ, ಮದುವೆ ಹಾಲಿನಲ್ಲಿ, ಮೆಡಿಕಲ್ ಶಾಪಿನ ಎದುರು ಇದನ್ನು ಕೇಳಿ ಕೇಳಿ ಸಾಕಾಗಿದೆ. ಬಾಯಲ್ಲಿ ಉತ್ತರ ಹೇಳುವ ತಾಳ್ಮೆ ಮುಗಿಯಿತು, ಬರೆದಿಡುತ್ತೇನೆ. ಮೊದಲು ಆ 'ಪಾಪ' ಬಿಡಿ. ಅಪ್ಪನಿಗೆ ಕಿವಿ ಚೆನ್ನಾಗಿ ಕೇಳುತ್ತದೆ.

ಅಪ್ಪನಿಗೆ ಪಾರ್ಕಿನ್ಸನ್ಸ್. ನಡೆಯುವಾಗ ನಾವು ಕಾಲಿನ ಬಗ್ಗೆ ಯೋಚಿಸುವುದಿಲ್ಲ, ಅಲ್ವಾ? ಮಿದುಳು ಅದನ್ನು ತಾನಾಗಿ ನೋಡಿಕೊಳ್ಳುತ್ತದೆ. ಈ ಕಾಯಿಲೆಯಲ್ಲಿ ಡೋಪಮೈನ್ ಎಂಬ ಮಿದುಳಿನ ರಾಸಾಯನಿಕ ಕಡಿಮೆಯಾಗಿ ಆ ಸಲೀಸು ಹೋಗುತ್ತದೆ. ಒಂದೊಂದು ಹೆಜ್ಜೆಗೂ ಗಮನ ಕೊಡಬೇಕಾಗುತ್ತದೆ. ಆಗ ಯಾರಾದರೂ ಮಾತಾಡಿಸಿದರೆ ಗಮನ ಆ ಕಡೆ ಹೋಗಿ ಹೆಜ್ಜೆ ಸಣ್ಣದಾಗುತ್ತದೆ. ಕೆಲವೊಮ್ಮೆ ಕಾಲು ನೆಲಕ್ಕೆ ಅಂಟಿಕೊಂಡ ಹಾಗೆ ನಿಂತೇಬಿಡುತ್ತದೆ.

"ಹಾಗಾದ್ರೆ ಸುಮ್ನೆ ನಡೆಸಿ" ಅನ್ನುತ್ತೀರಿ. ರಥಬೀದಿಯಲ್ಲಿ ಪರಿಚಯದವರು ಕರೆಯದೇ ಬಿಡುತ್ತಾರಾ? ಜೇಬಿನಲ್ಲಿ ಫೋನ್ ಹೊಡೆದುಕೊಳ್ಳುತ್ತದೆ. ಕೈಯಲ್ಲಿ ಚಹಾದ ಲೋಟ ಇರುತ್ತದೆ. ಅದಕ್ಕೇ ನಡೆಯುವುದು, ಇನ್ನೊಂದು ಕೆಲಸ ಎರಡನ್ನೂ ಒಟ್ಟಿಗೆ ಮಾಡುವ ಅಭ್ಯಾಸ. ಫಿಸಿಯೋಗಳು ಇದಕ್ಕೆ ಡ್ಯುಯಲ್ ಟಾಸ್ಕ್ ಅನ್ನುತ್ತಾರೆ. ಬೆಲ್ಜಿಯಂ ಮತ್ತು ನೆದರ್‌ಲ್ಯಾಂಡ್ಸ್‌ನಲ್ಲಿ 121 ರೋಗಿಗಳಿಗೆ 6 ವಾರ ಇಂಥ ತರಬೇತಿ ಕೊಟ್ಟು ನೋಡಿದರು. ಫಲಿತಾಂಶ 2017ರಲ್ಲಿ ಬಂತು. ಎರಡು ಕೆಲಸ ಒಟ್ಟಿಗೆ ಮಾಡಿದವರಿಗೂ, ಬೇರೆ ಬೇರೆಯಾಗಿ ಮಾಡಿದವರಿಗೂ ಇನ್ನೊಂದು ಕೆಲಸದ ಜೊತೆ ನಡೆಯುವ ವೇಗ ಸುಧಾರಿಸಿತು. ಬೀಳುವ ಅಪಾಯ ಹೆಚ್ಚಲಿಲ್ಲ. ಕಾಯಿಲೆ ಇದರಿಂದ ಗುಣವಾಗುವುದಿಲ್ಲ. ಅದು ನನಗೂ ಗೊತ್ತು, ಅಪ್ಪನಿಗೂ ಗೊತ್ತು.

ಮಾತ್ರೆ ಚೆನ್ನಾಗಿ ಕೆಲಸ ಮಾಡುವ ಹೊತ್ತಿನಲ್ಲೇ ಹೊರಡುತ್ತೇವೆ. ನಾನು ಕೈಗೆ ಸಿಗುವಷ್ಟು ಹತ್ತಿರ ಇರುತ್ತೇನೆ. ನೂರರಿಂದ ಮೂರು ಮೂರು ಕಳೆಯುವ ಲೆಕ್ಕ ಅಪ್ಪನಿಗೆ ಬೋರು. ಹಾಗಾಗಿ ಒಂದು ದಿನ ಕುಂದಾಪುರದಿಂದ ಉಡುಪಿಗೆ ಬರುವ ದಾರಿಯ ಊರುಗಳನ್ನು ಹೇಳಿ ಅಂದೆ. ಕೋಟೇಶ್ವರ, ಕುಂಭಾಶಿ, ತೆಕ್ಕಟ್ಟೆ, ಕೋಟ ಸಲೀಸಾಗಿ ಬಂದವು. ಸಾಲಿಗ್ರಾಮದ ಹೊತ್ತಿಗೆ ಎಡಗೈ ಬೀಸುವುದು ನಿಂತಿತು, ಚಪ್ಪಲಿ ನೆಲಕ್ಕೆ ಉಜ್ಜತೊಡಗಿತು. ನಾನು ಬಾಯಿ ಬಿಡಲಿಲ್ಲ. ಅಪ್ಪ ಹೆಜ್ಜೆ ಉದ್ದ ಮಾಡಿಕೊಂಡು ಆಮೇಲೆ "ಬ್ರಹ್ಮಾವರ" ಅಂದರು. ಅಷ್ಟರಲ್ಲಿ ಬೆಂಚಿನಲ್ಲಿ ಕೂತಿದ್ದ ಒಬ್ಬರು ನನ್ನನ್ನು ಕೇಳಿದರು, "ಇವರಿಗೆ ನೆನಪು ಹೋಗಿದೆಯಾ?"

ಅಪ್ಪನೇ ಹೇಳಿದರು, "ಇಲ್ಲ. ಸಂತೆಕಟ್ಟೆ ಒಂದು ಬಾಕಿ ಉಂಟು."

ನಿಮಗೆ ಕೇಳಲೇಬೇಕು ಅಂತಿದ್ದರೆ ಇದನ್ನು ಕೇಳಿ: ಅವರು ನಡುವೆ ನಿಂತುಬಿಟ್ಟರೆ ನಾವೇನು ಮಾಡಬೇಕು? ಇದನ್ನು ಯಾರೂ ಕೇಳುವುದಿಲ್ಲ, ಸೀದಾ ಕೈ ಹಿಡಿದು ಎಳೆಯುತ್ತಾರೆ. ಎಳೆಯಬೇಡಿ. "ಬೇಗ ಬನ್ನಿ" ಅನ್ನಬೇಡಿ, ಅವಸರ ಮಾಡಿದಷ್ಟೂ ಕಾಲು ಇನ್ನೂ ಬಿಗಿಯುತ್ತದೆ. ಮಾತು ನಿಲ್ಲಿಸಿ. ಅವರು ನೆಟ್ಟಗೆ ನಿಂತು, ಮೈಭಾರ ಒಂದು ಕಾಲಿಗೆ ಹಾಕಿ, ಇನ್ನೊಂದರಲ್ಲಿ ದೊಡ್ಡ ಹೆಜ್ಜೆ ಇಡಲಿ. ಅಲ್ಲಿಯವರೆಗೆ ಕಾಯಿರಿ. ನಿಮ್ಮ ಮನೆಯಲ್ಲೂ ಈ ಕಾಯಿಲೆಯವರಿದ್ದು, ಆಗಾಗ ಬೀಳುತ್ತಿದ್ದರೆ, ಫಿಸಿಯೋ ನೋಡದೆ ಈ ಅಭ್ಯಾಸ ಶುರು ಮಾಡಬೇಡಿ.

ಇನ್ನೂ ಏನಾದರೂ ಕೇಳುವುದಿದ್ದರೆ ಅಪ್ಪ ಕೂತ ಮೇಲೆ ಕೇಳಿ. ನನ್ನನ್ನಲ್ಲ, ಅವರನ್ನೇ.